ಕೆ.ಎಚ್. ರೋಡಿನ ಆ ಕೆ.ಎಚ್. ಯಾರು?

ಮಂಗಳೂರು, ಪುತ್ತೂರು, ಬಿ.ಸಿ.ರೋಡ್ ಕಡೆಯಿಂದ ರಾತ್ರಿ ಬಸ್ಸು ಹತ್ತಿ, ಬೆಳಿಗ್ಗೆ ಬೆಂಗಳೂರಲ್ಲಿ ಇಳಿದು ಜಯನಗರಕ್ಕೋ ಬಿ.ಟಿ.ಎಂ. ಲೇಔಟಿಗೋ ಹೋಗುವ ನಮ್ಮವರಿಗೆ ಶಾಂತಿನಗರದ ಬಸ್ ನಿಲ್ದಾಣ ಗೊತ್ತಿಲ್ಲದೆ ಇರುವುದಿಲ್ಲ. ಅದರ ಮುಂದಿನ ಅಗಲದ ರಸ್ತೆಯನ್ನು ಹಳಬರು ಇಂದಿಗೂ ಡಬಲ್ ರೋಡ್ ಅಂತಲೇ ಕರೆಯುವುದು. ಬೋರ್ಡಿನಲ್ಲಿ ಇರುವುದು ಕೆ.ಎಚ್. ರೋಡ್. ನಾವು ಹತ್ತುವ ಕೆ.ಎಸ್.ಆರ್.ಟಿ.ಸಿ. ಬಸ್ಸಿನ ಕೇಂದ್ರ ಕಚೇರಿಯ ವಿಳಾಸದಲ್ಲೂ ಅದೇ ಹೆಸರು ಉಂಟು. ಆದರೆ ಈ ಕೆ.ಎಚ್. ಅಂದರೆ ಯಾರು ಎಂದು ಮನೆಯ ಮಕ್ಕಳನ್ನು ಕೇಳಿ ನೋಡಿ, ಹತ್ತರಲ್ಲಿ ಒಬ್ಬರು ಹೇಳಿದರೆ ಹೆಚ್ಚು. ನಾವು ಕೇಳಿದಾಗ ಒಬ್ಬ ಹುಡುಗ ಅದು ಕರ್ನಾಟಕ ಹೌಸಿಂಗ್ ಬೋರ್ಡ್ ಇರಬೇಕು ಅಂದ. ತಪ್ಪು ಅವನದ್ದಲ್ಲ. ಹೆಸರನ್ನು ಎರಡು ಅಕ್ಷರಕ್ಕೆ ಇಳಿಸಿದರೆ ಮನುಷ್ಯ ಕಾಣದೆ ಹೋಗುತ್ತಾನೆ.

ಅವರು ಕೆಂಗಲ್ ಹನುಮಂತಯ್ಯನವರು. ವಿಧಾನಸೌಧ ಕಟ್ಟಿಸಿದವರು ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಆ ಕಟ್ಟಡಕ್ಕಿಂತ ಮೊದಲು ಅವರು ಈ ಬೆಂಗಳೂರು ನಗರದ ಪುರಸಭೆಯ ಅಧ್ಯಕ್ಷರಾಗಿದ್ದರು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಕರಾವಳಿಯ ನಾವು ಮತ್ತು ಘಟ್ಟದ ಮೇಲಿನ ಬೆಂಗಳೂರು ಒಂದೇ ರಾಜ್ಯದಲ್ಲಿ ಇರುವುದಕ್ಕೂ ಅವರಿಗೂ ಒಂದು ಲೆಕ್ಕ ಉಂಟು. ಅದು ಇನ್ನೂ ಕಡಿಮೆ ಜನಕ್ಕೆ ಗೊತ್ತು.

ಹನುಮಂತಯ್ಯನವರು ಹುಟ್ಟಿದ್ದು 1908ರ ಫೆಬ್ರವರಿಯಲ್ಲಿ, ರಾಮನಗರದ ಹತ್ತಿರದ ಲಕ್ಕಪ್ಪನಹಳ್ಳಿ ಎಂಬ ಸಣ್ಣ ಹಳ್ಳಿಯಲ್ಲಿ. ಒಕ್ಕಲಿಗ ರೈತ ಕುಟುಂಬ. ಹೆಸರಿನ ಮುಂದಿರುವ ಕೆಂಗಲ್ ಅಲ್ಲೇ ಪಕ್ಕದ ಊರು, ಮೈಸೂರು ರಸ್ತೆಯಲ್ಲಿ ಹೋಗುವಾಗ ಆಂಜನೇಯ ದೇವಸ್ಥಾನ ಕಾಣುವ ಜಾಗ. ರಾಮನಗರಕ್ಕೆ ಆಗ ಇದ್ದ ಹೆಸರು ಕ್ಲೋಸ್‌ಪೇಟೆ. ರೇಷ್ಮೆಗೆ ಹೆಸರಾದ ಸೀಮೆ. ಗೂಡು ಬೆಳೆಯುವ ರೈತ, ನೂಲು ತೆಗೆಯುವ ಮುಸ್ಲಿಂ ಕುಟುಂಬ, ಇಬ್ಬರೂ ಒಂದೇ ಸಂತೆಯಲ್ಲಿ ಮುಖ ನೋಡಿಕೊಂಡು ಬದುಕುವ ಊರು. ಹಳ್ಳಿಯ ಹುಡುಗ ಓದಿನಲ್ಲಿ ಮುಂದೆ ಹೋಗಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಮಾಡಿ, ಪುಣೆಗೆ ಹೋಗಿ ಕಾನೂನು ಓದಿ, ಬೆಂಗಳೂರಿಗೆ ವಕೀಲರಾಗಿ ಬಂದರು. 1930ರ ದಶಕದ ಆರಂಭ ಅದು. ಕೋರ್ಟಿನಲ್ಲಿ ನೆಲೆ ನಿಲ್ಲುವ ಮೊದಲೇ ಕಾಂಗ್ರೆಸ್ ಅವರನ್ನು ಎಳೆದುಕೊಂಡಿತು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಆಗ ಮೈಸೂರಿನ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. 1926ರಿಂದ 1941ರವರೆಗೆ ಸಂಸ್ಥಾನ ನಡೆಸಿದ ಮಿರ್ಜಾ ಸಾಹೇಬರ ಹೆಸರು ಕೇಳಿದರೆ ನಮ್ಮ ಹಿರಿಯರ ಎದೆ ಉಬ್ಬುತ್ತಿತ್ತು, ಉಬ್ಬುವಂಥ ಕೆಲಸವನ್ನೂ ಅವರು ಮಾಡಿದ್ದರು. ಹನುಮಂತಯ್ಯನವರು ಹೋರಾಡಿದ್ದು ಅದೇ ದಿವಾನರ ಸರ್ಕಾರದ ವಿರುದ್ಧ. ವ್ಯಕ್ತಿಯ ಮೇಲೆ ಸಿಟ್ಟು ಅಲ್ಲ. ದಿವಾನರು ಎಷ್ಟೇ ಒಳ್ಳೆಯವರಾದರೂ ಅವರನ್ನು ನೇಮಿಸುವುದು ಮಹಾರಾಜರು, ಪ್ರಜೆಗಳಿಗೆ ಅವರನ್ನು ಇಳಿಸುವ ಹಕ್ಕಿಲ್ಲ, ಹಾಗಾಗಿ ಜನರಿಗೆ ಉತ್ತರ ಕೊಡುವ ಸರ್ಕಾರ ಬೇಕು ಎನ್ನುವುದು ಕಾಂಗ್ರೆಸ್ಸಿನ ವಾದ. 1938ರಲ್ಲಿ ಶಿವಪುರದಲ್ಲಿ ಧ್ವಜ ಹಾರಿಸಿದ್ದು, ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗೋಲಿಬಾರು ಆಗಿ ಜನ ಸತ್ತದ್ದು, ಎಲ್ಲ ಈ ಜಗಳದ ಭಾಗವೇ. ಹನುಮಂತಯ್ಯನವರು ಆ ವರ್ಷಗಳಲ್ಲಿ ಜೈಲಿಗೆ ಹೋಗಿ ಬರುವುದು ರೂಢಿಯೇ ಆಗಿತ್ತು.

1940ರಲ್ಲಿ ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. 1881ರಲ್ಲಿ ದಿವಾನ್ ರಂಗಾಚಾರ್ಲು ಶುರು ಮಾಡಿದ ಸಭೆ ಅದು. ದೇಶದ ಸಂಸ್ಥಾನಗಳಲ್ಲಿ ಅಂಥದ್ದು ಮೊದಲನೆಯದು ಎಂದು ಮೈಸೂರಿನವರಿಗೆ ಹೆಮ್ಮೆ. ಆದರೆ ಅಲ್ಲಿ ಸದಸ್ಯರು ಹೇಳಬಹುದು, ಕೇಳಬಹುದು. ಸರ್ಕಾರವನ್ನು ಇಳಿಸುವ ಅಧಿಕಾರ ಇರಲಿಲ್ಲ. ಅಲ್ಲಿ ಹನುಮಂತಯ್ಯನವರು ಕಾಂಗ್ರೆಸ್ ಪಕ್ಷದ ನಾಯಕರಾದರು. ವಯಸ್ಸು 32.

ಎರಡು ವರ್ಷದ ನಂತರ, 1942ರಲ್ಲಿ, ಅವರು ಬೆಂಗಳೂರು ನಗರ ಪುರಸಭೆಯ ಅಧ್ಯಕ್ಷ ಸ್ಥಾನಕ್ಕೆ ಬಂದರು. ಈಗಿನವರು ಅದನ್ನು ಮೇಯರ್ ಎಂದು ಬರೆಯುತ್ತಾರೆ. ಕಾರ್ಪೊರೇಷನ್ ಆದದ್ದು 1949ರಲ್ಲಿ, ಮೇಯರ್ ಎಂಬ ಹುದ್ದೆ ಬಂದದ್ದೂ ಆಮೇಲೆಯೇ. ಕೆಲಸ ಮಾತ್ರ ಅದೇ. ಇಂದಿನ ಲೆಕ್ಕದಲ್ಲಿ ನೋಡಿದರೆ ಶಾಸಕನಾದವನು ಪುರಸಭೆಗೆ ಬರುವುದು ಒಂದು ಮೆಟ್ಟಿಲು ಇಳಿದಂತೆ. ಮೇಯರ್ ಆದವನು ಶಾಸಕ ಟಿಕೆಟ್‌ಗೆ ಕಾಯುತ್ತಾನೆ, ಶಾಸಕನಾದವನು ಮಂತ್ರಿಗಿರಿಗೆ ಕಾಯುತ್ತಾನೆ, ಯಾರೂ ಹಿಂದೆ ತಿರುಗಿ ನೋಡುವುದಿಲ್ಲ. ಆ ಕಾಲದಲ್ಲಿ ಹಾಗಲ್ಲ. ಪ್ರಜಾಪ್ರತಿನಿಧಿ ಸಭೆಯಲ್ಲಿ ಮಾತಾಡಿದ್ದು ದಿವಾನರ ಕಡತ ಸೇರಿದರೆ ಅಲ್ಲಿಗೇ ಮುಗಿಯಬಹುದು. ಪುರಸಭೆಯಲ್ಲಿ ಹೇಳಿದ್ದು ನಾಳೆ ಬೆಳಿಗ್ಗೆ ಚರಂಡಿಯಲ್ಲಿ ಕಾಣುತ್ತದೆ, ಅಥವಾ ಕಾಣುವುದಿಲ್ಲ. ಜನರೇ ಆರಿಸಿದ ಸದಸ್ಯರು, ಕಂದಾಯದ ಹಣ, ನೀರು, ದೀಪ, ಮಾರುಕಟ್ಟೆ, ಕಸ. ಜನರಿಗೆ ಆಡಳಿತ ಕೊಡಿ ಎಂದು ಕೇಳುತ್ತಿದ್ದ ಪಕ್ಷಕ್ಕೆ ನಾವು ಆಡಳಿತ ನಡೆಸಬಲ್ಲೆವು ಎಂದು ತೋರಿಸಲು ಇದ್ದ ಒಂದು ಜಾಗ ಅದೇ.

ಆಗಿನ ಬೆಂಗಳೂರು ಒಂದಲ್ಲ, ಎರಡು. ನಗರ ಮತ್ತು ದಂಡು. ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್, ಚಾಮರಾಜಪೇಟೆ, ಬಸವನಗುಡಿ ಇವೆಲ್ಲ ನಗರ ಪುರಸಭೆಯ ಕೈಯಲ್ಲಿ, ಮಹಾರಾಜರ ಸರ್ಕಾರದ ಕೆಳಗೆ. ಈಗಿನ ಶಿವಾಜಿನಗರ, ಹಲಸೂರು, ಫ್ರೇಜರ್ ಟೌನ್ ಕಡೆಯೆಲ್ಲ ದಂಡು ಪ್ರದೇಶ, ಅದು ಬ್ರಿಟಿಷರ ಕೈಯಲ್ಲಿ. ಪುರಸಭೆಯೂ ಬೇರೆ. ಎರಡೂ ಸೇರಿ ಜನಸಂಖ್ಯೆ 1941ರಲ್ಲಿ ನಾಲ್ಕು ಲಕ್ಷದ ಆಸುಪಾಸು, ಇಂದು ನಮ್ಮ ದಕ್ಷಿಣ ಭಾಗದ ಕೆಲವು ಬಡಾವಣೆಗಳಲ್ಲೇ ಅಷ್ಟು ಜನ ಇದ್ದಾರು. ಕಾವೇರಿ ನೀರು ಊರಿಗೆ ಬಂದದ್ದು 1974ರಲ್ಲಿ. ಆಗ ಕುಡಿಯುತ್ತಿದ್ದದ್ದು ತಿಪ್ಪಗೊಂಡನಹಳ್ಳಿ ಮತ್ತು ಹೆಸರಘಟ್ಟದ ನೀರು. ಜಯನಗರ ಎಂಬ ಹೆಸರೇ ಇರಲಿಲ್ಲ. ಲಾಲ್‌ಬಾಗ್ ದಾಟಿದರೆ ರಾಗಿ ಹೊಲ, ತೋಟ, ಕೆರೆ. ಭೈರಸಂದ್ರ, ತಾವರೆಕೆರೆ, ಮಡಿವಾಳ ಮೂರು ಬೇರೆ ಬೇರೆ ಹಳ್ಳಿಗಳು. ಆ ಮೂರರ ಮೊದಲಕ್ಷರ ಸೇರಿಸಿ ಬಿ.ಟಿ.ಎಂ. ಮಾಡಿದ್ದು ಎಷ್ಟೋ ವರ್ಷದ ನಂತರ.

ಅಂಥ ನಗರದ ಅಧ್ಯಕ್ಷ ಕುರ್ಚಿಯಲ್ಲಿ ಹನುಮಂತಯ್ಯನವರು ಹೆಚ್ಚು ದಿನ ನೆಮ್ಮದಿಯಾಗಿ ಕೂರಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಗಾಂಧೀಜಿ ಕ್ವಿಟ್ ಇಂಡಿಯಾ ಕರೆ ಕೊಟ್ಟರು. ನಗರದ ಮೊದಲ ಪ್ರಜೆ ಆದವರು ಏನಾದರೂ ನೆಪ ಹೇಳಿ ಮನೆಯಲ್ಲಿ ಉಳಿಯಬಹುದಿತ್ತು. ನೀರು ಬಿಡಿಸಬೇಕು, ಕಸ ಎತ್ತಿಸಬೇಕು, ಕೆಲಸ ಉಂಟು ಅಂದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವರು ಅಧ್ಯಕ್ಷರಾಗಿರುವಾಗಲೇ ಜೈಲಿಗೆ ಹೋದರು. ಕುರ್ಚಿ ಸಿಕ್ಕಿದ ಮೇಲೆ ಅದನ್ನು ಪಣಕ್ಕೆ ಇಡುವ ಈ ಗುಣವನ್ನು ನೆನಪಿಡಿ. ಇದು ಅವರ ಬದುಕಿನಲ್ಲಿ ಮತ್ತೊಮ್ಮೆ ಬರುತ್ತದೆ, ಆಗ ಪಣಕ್ಕೆ ಇದ್ದದ್ದು ಪುರಸಭೆಯ ಕುರ್ಚಿಗಿಂತ ಬಹಳ ದೊಡ್ಡದು.

1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರಿನಲ್ಲಿ ದಿವಾನರ ಆಡಳಿತವೇ ಇತ್ತು. ಮೈಸೂರು ಚಲೋ ಚಳವಳಿ ನಡೆದು, ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ಹನುಮಂತಯ್ಯನವರು ದೆಹಲಿಯ ಸಂವಿಧಾನ ಸಭೆಗೆ ಹೋದರು. ಅಲ್ಲಿ ಅವರು ಆಡಿದ ಒಂದು ಮಾತು ಇಂದಿಗೂ ಸಂವಿಧಾನದ ಪಾಠ ಮಾಡುವವರು ನೆನಪಿಸುತ್ತಾರೆ. ನಮಗೆ ಬೇಕಾಗಿದ್ದದ್ದು ವೀಣೆಯ ನಾದ, ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡು ಎಂಬ ಅರ್ಥದ ಆಕ್ಷೇಪ ಅದು. ಹಳ್ಳಿಗೆ ಅಧಿಕಾರ ಕೊಡಬೇಕು ಎಂದಿದ್ದ ಗಾಂಧೀಜಿಯ ಕನಸು ಆ ಪುಸ್ತಕದಲ್ಲಿ ಕಾಣಲಿಲ್ಲ ಎಂಬ ಬೇಸರ ಅವರಿಗೆ. ಪುರಸಭೆಯಿಂದ ಹೋದ ಮನುಷ್ಯನಿಗೆ ಆ ಬೇಸರ ಬಂದದ್ದರಲ್ಲಿ ಆಶ್ಚರ್ಯ ಇಲ್ಲ.

ಮೊದಲ ಮಹಾಚುನಾವಣೆಯ ನಂತರ, 1952ರ ಮಾರ್ಚ್ 30ರಂದು, ಅವರು ಮೈಸೂರು ರಾಜ್ಯದ ಎರಡನೇ ಮುಖ್ಯಮಂತ್ರಿಯಾದರು. ನಾಲ್ಕು ವರ್ಷ ಚಿಲ್ಲರೆ ಇದ್ದರು. ಆ ಅವಧಿಯಲ್ಲಿ ಇನಾಂ ರದ್ದತಿ ಕಾಯ್ದೆಗಳು ಬಂದವು, 1954ರಲ್ಲಿ ಒಂದು, 1955ರಲ್ಲಿ ಇನ್ನೊಂದು. ಅರಸರು ಯಾರಿಗೋ ಬರೆದುಕೊಟ್ಟ ಹಳ್ಳಿಯಲ್ಲಿ ಇನ್ಯಾರೋ ಉಳುವುದು, ಫಸಲಿನ ಪಾಲು ಇನಾಂದಾರನ ಮನೆಗೆ ಹೋಗುವುದು ಎಂಬ ಪದ್ಧತಿಗೆ ಅಲ್ಲಿಂದ ಕೊನೆ ಶುರುವಾಯಿತು. ಗೇಣಿ ಕೊಟ್ಟು ಸುಸ್ತಾದ ಕರಾವಳಿಯ ಒಕ್ಕಲುಗಳಿಗೆ ಅಂಥ ದಿನ ಬರಲು ದೇವರಾಜ ಅರಸರ 1974ರ ತಿದ್ದುಪಡಿಯ ತನಕ ಕಾಯಬೇಕಾಯಿತು, ಅದು ಬೇರೆ ಕಥೆ.

ಇನ್ನು ವಿಧಾನಸೌಧ. ಅದಕ್ಕೆ ಅಡಿಗಲ್ಲು ಹಾಕಿದ್ದು ಹನುಮಂತಯ್ಯನವರ ಕಾಲದಲ್ಲಿ ಅಲ್ಲ. 1951ರ ಜುಲೈ 13ರಂದು, ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿ ಇದ್ದಾಗ, ನೆಹರೂ ಅವರು ಹಾಕಿದ್ದು. ಆಗಿನ ಯೋಜನೆ ಸರಳವಾದ ಒಂದು ಕಟ್ಟಡದ್ದು. ಆಗ ಸಭೆ ಕಚೇರಿ ಎಲ್ಲ ಇದ್ದದ್ದು ಎದುರಿನ ಕೆಂಪು ಅಠಾರ ಕಚೇರಿಯಲ್ಲಿ, ಅದೇ ಈಗಿನ ಹೈಕೋರ್ಟ್. ಹನುಮಂತಯ್ಯನವರು ಬಂದು ನಕ್ಷೆಯನ್ನೇ ಬದಲಿಸಿದರು. ರಷ್ಯಾದಿಂದ ಬಂದ ಒಂದು ತಂಡಕ್ಕೆ ಬೆಂಗಳೂರು ತೋರಿಸುವಾಗ, ಇಲ್ಲಿರುವುದೆಲ್ಲ ಯುರೋಪಿನ ಕಟ್ಟಡಗಳೇ, ನಿಮ್ಮದು ಅನ್ನುವಂಥದ್ದು ಯಾವುದೂ ಇಲ್ಲವೇ ಎಂದು ಅವರು ಕೇಳಿದರಂತೆ, ಆ ಮಾತು ಇವರ ಎದೆಗೆ ನಾಟಿತಂತೆ. ಅಂತೂ ಮುಖ್ಯ ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಅವರನ್ನು ಕೂರಿಸಿಕೊಂಡು ಮುಖ್ಯಮಂತ್ರಿಯೇ ಒಂದೊಂದು ಕಂಬ, ಒಂದೊಂದು ಬೋದಿಗೆ ನೋಡಿದರು. ಉದ್ದ 700 ಅಡಿ, ಅಗಲ 350 ಅಡಿ. ಕಲ್ಲು ಹೊರಗಿನಿಂದ ತರಿಸಲಿಲ್ಲ, ಬೆಂಗಳೂರಿನ ಸುತ್ತಮುತ್ತಲಿನದ್ದೇ. ಐದು ಸಾವಿರಕ್ಕೂ ಹೆಚ್ಚು ಕೂಲಿಗಳು, ಅವರ ಜೊತೆ ಕಲ್ಲು ಕೆತ್ತುವವರು, ಮರಗೆಲಸದವರು ಸುಮಾರು ಒಂದೂವರೆ ಸಾವಿರ. ಜೈಲಿನ ಕೈದಿಗಳನ್ನೂ ಕೆಲಸಕ್ಕೆ ಹಚ್ಚಿದರು. ತಾವೇ ಜೈಲು ಕಂಡ ಮನುಷ್ಯ, ಕೈದಿಯ ಕೈಯಲ್ಲಿ ರಾಜ್ಯದ ದೊಡ್ಡ ಮನೆ ಕಟ್ಟಿಸಿದರು. ಸಚಿವ ಸಂಪುಟದ ಕೋಣೆಗೆ ಗಂಧದ ಮರದ ಬಾಗಿಲು.

ಖರ್ಚು ಮಾತ್ರ ಬೆಳೆಯುತ್ತಾ ಹೋಗಿ ಸುಮಾರು 1.8 ಕೋಟಿ ರೂಪಾಯಿಗೆ ಮುಟ್ಟಿತು. ಮೊದಲು ಅಂದಾಜು ಮಾಡಿದ್ದಕ್ಕಿಂತ ಎಷ್ಟೋ ಪಟ್ಟು. ಬಡ ರಾಜ್ಯಕ್ಕೆ ಅರಮನೆ ಯಾಕೆ ಎಂದು ವಿರೋಧಿಗಳು ಕೇಳಿದರು, ಅವರದೇ ಪಕ್ಷದವರು ಇನ್ನೂ ಜೋರಾಗಿ ಕೇಳಿದರು. ಈ ಪ್ರಶ್ನೆಯನ್ನು ತಳ್ಳಿಹಾಕುವುದು ಸರಿಯಲ್ಲ ಎಂದು ನಮಗೆ ಅನಿಸುತ್ತದೆ. ಆ ದಿನಗಳಲ್ಲಿ ಎಷ್ಟೋ ಹಳ್ಳಿಗೆ ಶಾಲೆ ಇರಲಿಲ್ಲ, ಬಾವಿ ಇರಲಿಲ್ಲ. ಇವರು ಕೇಳುವ ಜಾತಿಯೂ ಅಲ್ಲ. ತಮಗೆ ಸರಿ ಕಂಡದ್ದನ್ನು ಮಾಡಿಯೇ ತೀರುವ ಹಠ, ಎದುರು ಮಾತಾಡಿದವರನ್ನು ಹತ್ತಿರ ಸೇರಿಸದ ಬಿಗುಮಾನ ಎರಡೂ ಇದ್ದವು. ಕಟ್ಟಡ ನಿಂತಿತು, ಸ್ನೇಹಿತರು ಕಡಿಮೆಯಾದರು. ಅದರ ಮುಂಭಾಗದಲ್ಲಿ ಕೆತ್ತಿದ ಸಾಲು, ಸರ್ಕಾರದ ಕೆಲಸವನ್ನು ದೇವರ ಕೆಲಸ ಎಂದು ಹೇಳುವ ಸಾಲು, ಇಂದು ಕಚೇರಿಯಿಂದ ಕಚೇರಿಗೆ ಅಲೆದವರ ಬಾಯಲ್ಲಿ ತಮಾಷೆಯಾಗಿ ಉಳಿದಿದೆ. ಬರೆಸಿದವರು ತಮಾಷೆಗೆ ಬರೆಸಿದ್ದಲ್ಲ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಅಮಾನತ್, ಒಪ್ಪಿಸಿಕೊಂಡ ಸೊತ್ತು.

ಈಗ ನಮಗೆ ಸಂಬಂಧಿಸಿದ ಮಾತಿಗೆ ಬರೋಣ. 1956ಕ್ಕೆ ಮೊದಲು ನಮ್ಮ ಜಿಲ್ಲೆ ಮೈಸೂರು ರಾಜ್ಯದ್ದಲ್ಲ. ಸೌತ್ ಕೆನರಾ ಎಂಬ ಹೆಸರಿನಲ್ಲಿ ಮದ್ರಾಸಿಗೆ ಸೇರಿತ್ತು. ಹೈಕೋರ್ಟು ಬೇಕಾದರೆ ಮದ್ರಾಸ್, ಶಾಸನಸಭೆ ಮದ್ರಾಸ್, ಸರ್ಕಾರದ ಆದೇಶ ಬರುವುದು ಮದ್ರಾಸಿನಿಂದ. ಬಂದರಿನ ವ್ಯಾಪಾರಿಗೆ ಕಲ್ಲಿಕೋಟೆ ಹತ್ತಿರ, ಬೊಂಬಾಯಿ ಹತ್ತಿರ; ಘಟ್ಟದ ಮೇಲಿನ ಬೆಂಗಳೂರು ಬೇರೆ ರಾಜ್ಯ. ಕನ್ನಡದವರು ಹೀಗೆ ಮದ್ರಾಸು, ಬೊಂಬಾಯಿ, ಹೈದರಾಬಾದು, ಕೊಡಗು, ಮೈಸೂರು ಎಂದು ಹರಿದು ಹಂಚಿಹೋಗಿದ್ದರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿಯ ಏಳು ತಾಲೂಕು ಮೈಸೂರಿಗೆ ಬಂದವು, ಹನುಮಂತಯ್ಯನವರೇ ಮುಖ್ಯಮಂತ್ರಿ. ಆ ವರ್ಷದ ಕೊನೆಗೆ ಕೇಂದ್ರ ಸರ್ಕಾರ ನ್ಯಾಯಮೂರ್ತಿ ಸೈಯದ್ ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ಮಾಡಿತು. 1955ರ ಸೆಪ್ಟೆಂಬರ್‌ನಲ್ಲಿ ವರದಿ ಬಂತು. ಕನ್ನಡದ ಪ್ರದೇಶಗಳನ್ನು ಒಂದು ರಾಜ್ಯ ಮಾಡಿ ಎಂದಿತು.

ಎಲ್ಲರಿಗೂ ಸಂತೋಷ ಆಗಿರಬೇಕು ಅಂದುಕೊಂಡರೆ ತಪ್ಪು. ಹುಬ್ಬಳ್ಳಿ, ಧಾರವಾಡ, ಮಂಗಳೂರಿನಲ್ಲಿ ಸಂತೋಷ. ಹಳೇ ಮೈಸೂರಿನಲ್ಲಿ ಮುಖ ಗಂಟು. ಅವರ ಲೆಕ್ಕ ಹೀಗೆ: ನಮ್ಮದು ಮುಂದುವರಿದ ರಾಜ್ಯ, 1902ರಲ್ಲೇ ಶಿವನಸಮುದ್ರದಲ್ಲಿ ಕರೆಂಟು ಮಾಡಿದವರು ನಾವು, ಕನ್ನಂಬಾಡಿ ಕಟ್ಟೆ ನಮ್ಮದು, ಭದ್ರಾವತಿ ಕಬ್ಬಿಣದ ಕಾರ್ಖಾನೆ ನಮ್ಮದು, ಹಿಂದುಳಿದ ಜಿಲ್ಲೆಗಳನ್ನು ಸೇರಿಸಿಕೊಂಡರೆ ಮಾಡಿಟ್ಟ ಗಂಟು ಅವರಿಗೆ ಹಂಚಬೇಕು. ಬಾಯಿಬಿಟ್ಟು ಹೇಳದ ಇನ್ನೊಂದು ಲೆಕ್ಕವೂ ಇತ್ತು. ಹಳೇ ಮೈಸೂರಿನಲ್ಲಿ ಒಕ್ಕಲಿಗರ ಸಂಖ್ಯೆ ಮತ್ತು ಪ್ರಭಾವ ದೊಡ್ಡದು. ಉತ್ತರದ ಜಿಲ್ಲೆಗಳು ಬಂದರೆ ಲಿಂಗಾಯತರ ಸಂಖ್ಯೆ ಮುಂದೆ ಹೋಗುತ್ತದೆ, ಮುಖ್ಯಮಂತ್ರಿ ಕುರ್ಚಿ ಕೈತಪ್ಪುತ್ತದೆ. ಈ ಲೆಕ್ಕ ಯಾರಿಗೆ ಚೆನ್ನಾಗಿ ಗೊತ್ತಿರಬೇಕು? ಆ ಕುರ್ಚಿಯಲ್ಲಿ ಕೂತ ಒಕ್ಕಲಿಗ ಮುಖ್ಯಮಂತ್ರಿಗೆ ತಾನೇ?

ಹನುಮಂತಯ್ಯನವರು ಏಕೀಕರಣದ ಪರ ನಿಂತರು. ತಮ್ಮ ಜನಾಂಗದ, ತಮ್ಮ ಪಕ್ಷದ, ತಮ್ಮ ಜಿಲ್ಲೆಗಳ ಎಷ್ಟೋ ನಾಯಕರ ಎದುರು ನಿಂತು ಶಾಸನಸಭೆಯಲ್ಲಿ ಅದನ್ನು ಸಮರ್ಥಿಸಿದರು. ಅಡ್ಡಗಾಲು ಹಾಕಲು ಅವರಿಗೆ ದಾರಿಗಳು ಇದ್ದವು. ಎರಡು ಕನ್ನಡ ರಾಜ್ಯ ಇರಲಿ ಎನ್ನುವ ವಾದ ಆಗಲೇ ಓಡಾಡುತ್ತಿತ್ತು. ಮುಖ್ಯಮಂತ್ರಿ ಅದರ ಬೆನ್ನಿಗೆ ನಿಂತಿದ್ದರೆ ದೆಹಲಿಯವರು ಎರಡು ಬಾರಿ ಯೋಚಿಸುತ್ತಿದ್ದರು. ಎರಡು ರಾಜ್ಯ ಆಗಿದ್ದಿದ್ದರೆ ಮಂಗಳೂರು ಯಾವ ಕಡೆ ಬೀಳುತ್ತಿತ್ತೋ, ಜಯನಗರದಲ್ಲಿ ಅಂಗಡಿ ಇಟ್ಟ ನಮ್ಮವರು ಪರರಾಜ್ಯದವರೇ ಆಗಿರುತ್ತಿದ್ದರೋ ಏನೋ.

ಆ ಗೆರೆ ಎಳೆಯುವಾಗ ನಮ್ಮ ಜಿಲ್ಲೆಗೆ ನೋವೂ ಆಯಿತು, ಅದನ್ನು ಮುಚ್ಚಿಡಬೇಕಾಗಿಲ್ಲ. ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಮಂಜೇಶ್ವರ, ಕುಂಬಳೆ, ಉಪ್ಪಳದಲ್ಲಿ ಮಗಳನ್ನು ಕೊಟ್ಟವರು, ಅಲ್ಲಿಂದ ಸೊಸೆ ತಂದವರು ಒಂದು ಬೆಳಿಗ್ಗೆ ಎದ್ದು ನೋಡಿದರೆ ಬೀಗರ ಮನೆ ಬೇರೆ ರಾಜ್ಯದಲ್ಲಿ. ಮಂಗಳೂರಿನ ಆಡಳಿತದ ಕೆಳಗೆ ಇದ್ದ ಅಮಿನಿ, ಕಡಮತ್, ಕಿಲ್ತಾನ್ ಕಡೆಯ ದ್ವೀಪಗಳು, ಬಂದರಿಗೆ ಓಡಗಳು ತೆಂಗಿನ ಹುರಿ ತರುತ್ತಿದ್ದ ದ್ವೀಪಗಳು, ಅವೂ ಕೇಂದ್ರದ ಕೈಗೆ ಹೋದವು. ಉಳಿದ ಜಿಲ್ಲೆ 1956ರ ನವೆಂಬರ್ 1ರಂದು ಮೈಸೂರಿಗೆ ಸೇರಿತು. ಇಂದು ನಮ್ಮ ಮನೆಮಾತಿಗೆ ಒಂದು ಅಕಾಡೆಮಿ ಉಂಟು, 2007ರಲ್ಲಿ ಆದದ್ದು. ಅದರ ಹೆಸರು ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ. ಆ ಕರ್ನಾಟಕ ಎಂಬ ಮೊದಲ ಪದದ ಹಿಂದೆ ಇಷ್ಟೆಲ್ಲ ಇದೆ.

ಆ ನವೆಂಬರ್ 1ರಂದು ಹನುಮಂತಯ್ಯನವರು ಮುಖ್ಯಮಂತ್ರಿ ಆಗಿರಲಿಲ್ಲ. ಪಕ್ಷದ ಒಳಗೇ ಅವರ ಮೇಲೆ ಅವಿಶ್ವಾಸ ಎದ್ದಿತು. ವಿಧಾನಸೌಧದ ಖರ್ಚು ಒಂದು ಕಾರಣ, ಅವರ ಸ್ವಭಾವ ಒಂದು ಕಾರಣ, ಏಕೀಕರಣದ ಸಿಟ್ಟು ಇನ್ನೊಂದು. ಯಾವುದು ಎಷ್ಟು ಪಾಲು ಎಂದು ತೂಗಿ ಹೇಳುವುದು ಕಷ್ಟ. 1956ರ ಆಗಸ್ಟ್ 19ರಂದು ಅವರು ರಾಜೀನಾಮೆ ಕೊಟ್ಟರು. ತೀರ್ಥಹಳ್ಳಿಯ ಕಡಿದಾಳ್ ಮಂಜಪ್ಪನವರು ಎರಡು ತಿಂಗಳು ಚಿಲ್ಲರೆ ದಿನ ನಡೆಸಿದರು. ಆಮೇಲೆ ದೊಡ್ಡ ಮೈಸೂರು ರಾಜ್ಯಕ್ಕೆ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿ. ವಿಧಾನಸೌಧ ಮುಗಿದದ್ದೂ 1956, ಕಟ್ಟಿಸಿದವರ ಅಧಿಕಾರ ಮುಗಿದದ್ದೂ 1956. ಹಳೇ ಮೈಸೂರಿನವರು ಹೆದರಿದ್ದ ಲೆಕ್ಕ ತಪ್ಪಲಿಲ್ಲ ಎನ್ನುವುದೂ ನಿಜ. ಆಮೇಲೆ ಒಬ್ಬ ಒಕ್ಕಲಿಗರು ಮುಖ್ಯಮಂತ್ರಿ ಆಗಲು 1994ರಲ್ಲಿ ದೇವೇಗೌಡರು ಬರಬೇಕಾಯಿತು. ಅವರು ಗೆದ್ದು ಬಂದದ್ದೂ ಅದೇ ರಾಮನಗರ ಕ್ಷೇತ್ರದಿಂದ.

ಕುರ್ಚಿ ಹೋದ ಮೇಲೆ ಅವರು ಮನೆಯಲ್ಲಿ ಕೂರಲಿಲ್ಲ. 1962, 1967, 1971 ಹೀಗೆ ಮೂರು ಸಲ ಬೆಂಗಳೂರು ನಗರದಿಂದ ಲೋಕಸಭೆಗೆ ಗೆದ್ದರು. 1966ರಲ್ಲಿ ಕೇಂದ್ರ ಸರ್ಕಾರ ಆಡಳಿತ ಸುಧಾರಣಾ ಆಯೋಗ ಮಾಡಿದಾಗ ಅಧ್ಯಕ್ಷರು ಮೊರಾರ್ಜಿ ದೇಸಾಯಿ, ಇವರು ಸದಸ್ಯರು. ಮರುವರ್ಷ ಮೊರಾರ್ಜಿ ಉಪಪ್ರಧಾನಿಯಾದಾಗ ಅಧ್ಯಕ್ಷತೆ ಇವರಿಗೆ ಬಂತು. 20 ವರದಿ, 537 ಶಿಫಾರಸು. ಓದಲು ಒಣ ಕೆಲಸ, ಪತ್ರಿಕೆಗೆ ಫೋಟೊ ಸಿಗದ ಕೆಲಸ. ಲೋಕಪಾಲ, ಲೋಕಾಯುಕ್ತ ಎನ್ನುವ ಎರಡು ಪದ ದೇಶದ ಬಾಯಿಗೆ ಬಂದದ್ದು ಆ ಆಯೋಗದ ಮೊದಲ ವರದಿಯಿಂದ. ಲಂಚ ಕೇಳಿದ ಅಧಿಕಾರಿಯ ಮೇಲೆ ಲೋಕಾಯುಕ್ತಕ್ಕೆ ದೂರು ಕೊಡುತ್ತೇನೆ ಎಂದು ಇಂದು ಗೂಡಂಗಡಿಯವನೂ ಹೆದರಿಸುತ್ತಾನಲ್ಲ, ಆ ಮಾತಿನ ಬೇರು ಅಲ್ಲಿದೆ.

1969ರಲ್ಲಿ ಕಾಂಗ್ರೆಸ್ ಒಡೆದಾಗ ನಿಜಲಿಂಗಪ್ಪನವರು ಒಂದು ಕಡೆ, ಇವರು ಇಂದಿರಾ ಗಾಂಧಿಯವರ ಕಡೆ. 1970ರಲ್ಲಿ ಕಾನೂನು ಮಂತ್ರಿ, 1971ರ ಮಾರ್ಚ್‌ನಿಂದ ರೈಲ್ವೆ ಮಂತ್ರಿ. ಹಾಸನದಿಂದ ಮಂಗಳೂರಿಗೆ ಘಟ್ಟ ಕೊರೆದು ಹಳಿ ಹಾಕುವ ಕೆಲಸ ಆಗ ನಡೆಯುತ್ತಿದ್ದ ಕಾಲ. ರೈಲು ಓಡಿದ್ದು 1979ಕ್ಕೆ. 1972ರ ಜುಲೈಯಲ್ಲಿ ಇವರನ್ನು ಬಿಟ್ಟು ರೈಲ್ವೆ ಖಾತೆಯನ್ನು ನಮ್ಮ ಕಡೆಯವರೇ ಆದ ಟಿ.ಎ. ಪೈಯವರಿಗೆ ಕೊಟ್ಟರು. ಕರಾವಳಿಯವರು ಇವರ ಜಾಗಕ್ಕೆ ಬಂದದ್ದು ಅದು ಮೊದಲ ಸಲ. ಎರಡನೇ ಸಲ ಇನ್ನೂ ಗಟ್ಟಿಯಾಗಿ ಬಂದರು.

1977ರ ಚುನಾವಣೆ. ತುರ್ತು ಪರಿಸ್ಥಿತಿಯ ನಂತರ ಜಯಪ್ರಕಾಶ ನಾರಾಯಣರ ಅಲೆ. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋಯಿತು. ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26 ಕ್ಷೇತ್ರ ಕಾಂಗ್ರೆಸ್ಸಿಗೇ. ಪಕ್ಕದ ಬೆಂಗಳೂರು ಉತ್ತರದಲ್ಲಿ ಸಿ.ಕೆ. ಜಾಫರ್ ಷರೀಫ್ ಸಾಹೇಬರು ಆರಾಮಾಗಿ ಗೆದ್ದರು, ಮುಂದೊಂದು ದಿನ ಅವರೂ ರೈಲ್ವೆ ಮಂತ್ರಿ ಆದರು. ಸೋತದ್ದು ಎರಡೇ ಕಡೆ, ಹಾಸನ ಮತ್ತು ಬೆಂಗಳೂರು ದಕ್ಷಿಣ. ಬೆಂಗಳೂರು ದಕ್ಷಿಣದಲ್ಲಿ ಕಾಂಗ್ರೆಸ್ ಅಭ್ಯರ್ಥಿ ಕೆಂಗಲ್ ಹನುಮಂತಯ್ಯನವರು. ಎದುರಿಗೆ ಜನತಾ ಪಕ್ಷದಿಂದ ನಿಂತವರು ಕಾರ್ಕಳ ತಾಲೂಕಿನ ಕೌಡೂರಿನ ಕೆ.ಎಸ್. ಹೆಗ್ಡೆಯವರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆಗಿದ್ದವರು, ಎಡನೀರು ಮಠದ ಕೇಶವಾನಂದ ಭಾರತಿ ಪ್ರಕರಣದ ತೀರ್ಪಿನಲ್ಲಿ ಇದ್ದವರು. ಅದರ ಬೆನ್ನಿಗೇ 1973ರಲ್ಲಿ ಹಿರಿತನ ಮೀರಿ ಇನ್ನೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಬಿಸಾಡಿ ಬಂದವರು.

ನೋಡಿ, ಎಂಥ ಜೋಡಿ. ಒಬ್ಬರು 1942ರಲ್ಲಿ ಪುರಸಭೆಯ ಕುರ್ಚಿಯಿಂದ ಜೈಲಿಗೆ ಹೋದವರು, ಇನ್ನೊಬ್ಬರು 1973ರಲ್ಲಿ ನ್ಯಾಯಪೀಠದಿಂದ ಎದ್ದು ಬಂದವರು. ಜಯನಗರ, ಬಸವನಗುಡಿಯ ಮತದಾರರು ಎರಡನೆಯವರನ್ನು ಆರಿಸಿದರು. ಹೆಗ್ಡೆಯವರು ಅದೇ ವರ್ಷ ಲೋಕಸಭೆಯ ಸ್ಪೀಕರ್ ಆದರು. 1956ರಲ್ಲಿ ಹನುಮಂತಯ್ಯನವರು ಗೆರೆ ಅಳಿಸಲು ನಿಲ್ಲದಿದ್ದರೆ ಸೌತ್ ಕೆನರಾದ ಮನುಷ್ಯ ಬೆಂಗಳೂರು ದಕ್ಷಿಣದಲ್ಲಿ ಬಂದು ನಿಂತು ಅವರನ್ನೇ ಸೋಲಿಸುವ ಸಂದರ್ಭ ಬರುತ್ತಿತ್ತೋ ಇಲ್ಲವೋ. ಅಲೆ ಎಬ್ಬಿಸಿದ ಜಯಪ್ರಕಾಶರ ಹೆಸರು ಅದೇ ದಕ್ಷಿಣ ಭಾಗದ ಬಡಾವಣೆಗೆ ಬಂತು. ನಮ್ಮವರು ಎಷ್ಟೋ ಜನ ಈಗ ಆ ಜೆ.ಪಿ. ನಗರದಲ್ಲೇ ಇದ್ದಾರೆ.

ಆ ಸೋಲಿನ ನಂತರ ಹನುಮಂತಯ್ಯನವರು ಹೆಚ್ಚು ಕಾಲ ಬದುಕಲಿಲ್ಲ. 1980ರ ಡಿಸೆಂಬರ್ 1ರಂದು ತೀರಿಕೊಂಡರು, 72 ವರ್ಷ. ಅವರು ಅಧ್ಯಕ್ಷರಾಗಿದ್ದ ಪುರಸಭೆ ಕಾರ್ಪೊರೇಷನ್ ಆಗಿ, ಮಹಾನಗರ ಪಾಲಿಕೆ ಆಗಿ, ಬಿ.ಬಿ.ಎಂ.ಪಿ. ಆಗಿ, 2020ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲಿನ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾಯಿತ ಮೇಯರ್ ಇಲ್ಲದೆ ನಡೆಯಿತು. 2025ರಲ್ಲಿ ಅದನ್ನು ಐದು ಪಾಲಿಕೆ ಮಾಡಿದರು. ಅದೇ ವರ್ಷ ಅವರು ಹುಟ್ಟಿದ ರಾಮನಗರ ಜಿಲ್ಲೆಯ ಹೆಸರನ್ನು ಬದಲಿಸಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಇಟ್ಟರು. ಹಾಗಾಗಿ ಹುಟ್ಟಿದ ಜಿಲ್ಲೆಗೂ ಕೊನೆಯ ಸಲ ಸೋತ ಕ್ಷೇತ್ರಕ್ಕೂ ಈಗ ಒಂದೇ ಹೆಸರು.

ವಿಧಾನಸೌಧದ ಆವರಣದಲ್ಲಿ ಅವರ ಪ್ರತಿಮೆ ಉಂಟು. ಅಧಿವೇಶನ ನಡೆಯುವಾಗ ಸಿಟ್ಟು ಬಂದ ಶಾಸಕರು, ಯಾವ ಪಕ್ಷದವರೇ ಆಗಲಿ, ಹೊರಗೆ ಬಂದು ಫಲಕ ಹಿಡಿದು ಧರಣಿ ಕೂರುವುದು ಹೆಚ್ಚಾಗಿ ಅದರ ಎದುರಿಗೇ. ಮುಂದಿನ ಸಲ ಟಿ.ವಿ.ಯಲ್ಲಿ ಆ ದೃಶ್ಯ ಬಂದಾಗ ಮಕ್ಕಳಿಗೆ ತೋರಿಸಿ, ಡಬಲ್ ರೋಡಿನ ಕೆ.ಎಚ್. ಅಂದರೆ ಇವರೇ ಅಂತ.